ಮೊದಲು ಕಂಡವಳು

ಸತ್ತವನ ಆತ್ಮ ದೇವರಿಗೆ, ಹೆಣ ಅರಸನಿಗೆ ಎಂದು ನಮ್ಮ ಥರ್ಕಲ್ಬಿಯಲ್ಲಿ ಒಂದು ಮಾತಿದೆ. ದೇವರು ತನ್ನ ಪಾಲನ್ನು ಸದ್ದಿಲ್ಲದೆ ತೆಗೆದುಕೊಂಡು ಹೋಗುತ್ತಾನೆ. ಅರಸನ ಪಾಲಿಗೆ ಮಾತ್ರ ಕುದುರೆ ಬರಬೇಕು, ಗುಮಾಸ್ತ ಬರಬೇಕು, ಬೇಟೆನಾಯಿ ಬರಬೇಕು, ಅವರೆಲ್ಲರ ಹೊಟ್ಟೆಗೆ ಊರಿನ ಹೆಬ್ಬಾತುಗಳು ಹೋಗಬೇಕು.

ಹಾಸಿಗೆಯಲ್ಲಿ ಸತ್ತರೆ ತಂಟೆಯಿಲ್ಲ. ಪಾದ್ರಿಗಳು ಬಂದು ಹಣೆಗೆ ಎಣ್ಣೆ ಹಚ್ಚಿ ಕಳಿಸಿಕೊಡುತ್ತಾರೆ. ಕಾಲುವೆಗೆ ಬಿದ್ದೋ, ಗಾಡಿಗೆ ಸಿಕ್ಕೋ, ಕತ್ತಿಯೇಟು ತಿಂದೋ ಸತ್ತರೆ ಆಗ ಕಾನೂನು ಎದ್ದು ಕೂರುತ್ತದೆ. ಹೆಣವನ್ನು ಮೊದಲು ಕಂಡವನು ನಿಂತ ನಿಲುವಿನಲ್ಲೇ ಕೂಗು ಹಾಕಬೇಕು. ಕೂಗು ಕೇಳಿದವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಬರಬೇಕು. ಇಂಥ ಸಾವುಗಳ ವಿಚಾರಣೆಗೆ ಅರಸ ನೇಮಿಸಿದ ಅಧಿಕಾರಿ ಸರ್ ವಾರಿನ್ ಬಂದು ನೋಡುವ ತನಕ ಹೆಣವನ್ನು ಯಾರೂ ಮುಟ್ಟಬಾರದು. ಅವನು ಬಂದಾಗ ಬಂದ. ಬಂದವನು ಮೊದಲು ಕಂಡವನನ್ನೂ ಹೆಣಕ್ಕೆ ಹತ್ತಿರದ ನಾಲ್ಕು ಮನೆಯವರನ್ನೂ ಹಿಡಿದು, ನ್ಯಾಯ ಕೂಡುವ ತನಕ ಜಾಮೀನು ಕೊಡಿ ಎನ್ನುತ್ತಾನೆ. ಜಾಮೀನು ಸಿಗದವರಿಗೆ ಕೋಟೆಯ ನೆಲಮಾಳಿಗೆ. ಕೊಂದವನು ಸಿಕ್ಕನೋ ಇಲ್ಲವೋ, ಕಂಡವನಂತೂ ಸಿಕ್ಕೇ ಸಿಗುತ್ತಾನೆ. ಸರ್ ವಾರಿನ್‌ಗೆ ಸೀಮೆಯಲ್ಲೆಲ್ಲ ಇದ್ದ ಹೆಸರು ಹೆಣದ ದೊರೆ.

ಹೀಗಾಗಿ ನಮ್ಮೂರಿನವರು ಕಾಣದಿರುವ ವಿದ್ಯೆಯನ್ನು ಕಲಿತರು. ಕುರುಡರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಹೊಲದ ಆ ತುದಿಯಲ್ಲಿ ಪಕ್ಕದವನ ಹಸು ಒಂದು ಬಾಯಿ ಹುಲ್ಲು ಕದ್ದು ತಿಂದರೆ ಈ ತುದಿಯಿಂದ ಕಾಣುವಂಥ ಕಣ್ಣುಗಳು ಅವು. ಆದರೆ ದಾರಿಯ ಮೇಲೆ ಬಿದ್ದ ಮನುಷ್ಯನನ್ನು ಸುತ್ತಿಕೊಂಡು ಹೋಗುವಾಗ ಆ ಕಣ್ಣುಗಳೇ ಆಕಾಶ ನೋಡುತ್ತ ಹೋಗುತ್ತಿದ್ದವು. ಮೇಲೆ ದೇವರಿದ್ದಾನಲ್ಲ, ಅವನನ್ನು ನೋಡುತ್ತಿದ್ದೆವು ಎಂದರಾಯಿತು.

ಗುನ್ನಿಲ್ಡ್ ಒಬ್ಬಳಿಗೆ ಆ ವಿದ್ಯೆ ಹತ್ತಲಿಲ್ಲ.

ಅವಳು ವಿಧವೆ. ಇವೆಟ್ ಎಂಬ ಒಬ್ಬಳೇ ಪುಟ್ಟ ಮಗಳು. ಮನೆಯ ಮುಂದೆ ಬಾವಿ, ಬಾವಿಯ ಆಚೆ ಪಾರುಪತ್ತೇಗಾರ ಹೇಮೊನ ಮನೆ. ಊರಿನ ಹೊಲಗೆಲಸಕ್ಕೆಲ್ಲ ಜನರನ್ನು ಎಬ್ಬಿಸಿ ಕಳಿಸುವ ಯಜಮಾನಿಕೆ ಅವನದು. ಒಂದು ಬೆಳಿಗ್ಗೆ ಮಗು ಕಾಣಲಿಲ್ಲ. ಗುನ್ನಿಲ್ಡ್ ಬಾಗಿಲಿಗೆ ಬಂದು ನಿಂತಾಗ ಹೇಮೊ ಬಾವಿಯ ಕಡೆಯಿಂದ ಮನೆಗೆ ಹೋಗುತ್ತಿದ್ದ, ಬಿರುಸಾಗಿ, ತಲೆ ತಗ್ಗಿಸಿಕೊಂಡು. ಕೈಯಲ್ಲಿ ಬಿಂದಿಗೆಯಿತ್ತು. ಬಿಂದಿಗೆ ಖಾಲಿ ಇತ್ತು.

ನೀರಿಗೆ ಹೋದವನು ಖಾಲಿ ಬಿಂದಿಗೆ ಹಿಡಿದು ಯಾಕೆ ಬರುತ್ತಾನೆ? ಗುನ್ನಿಲ್ಡ್ ಓಡಿ ಹೋಗಿ ಬಾವಿಯಲ್ಲಿ ಇಣುಕಿದಳು. ಹಗ್ಗ ಹಿಡಿದು ತಾನೇ ಇಳಿದಳು, ಮಗುವನ್ನು ಎತ್ತಿ ತಂದಳು. ಮೈ ಇನ್ನೂ ಪೂರ್ತಿ ತಣ್ಣಗಾಗಿರಲಿಲ್ಲ. ಆಮೇಲೆ ಕೂಗಿದಳು. ಅದು ಕಾನೂನಿನ ಕೂಗಲ್ಲ, ತಾಯಿಯ ಕೂಗು. ಕಾನೂನಿಗೆ ಅವೆರಡರ ವ್ಯತ್ಯಾಸ ಗೊತ್ತಿಲ್ಲ.

ಸರ್ ವಾರಿನ್ ಬಂದ. "ನಾನು ನೋಡೋಕೆ ಮುಂಚೆ ಹೆಣ ಯಾಕೆ ಎತ್ತಿದೆ?" ಎಂದು ಕೇಳಿದ. ಸಾವಿಗೆ ಕಾರಣವಾದ ವಸ್ತು ಅರಸನಿಗೆ ಸೇರಬೇಕಾದ್ದರಿಂದ ಬಾವಿಯ ಹಗ್ಗ, ಸೇದುವ ಕೊಡ ಅವನ ಗಾಡಿ ಸೇರಿದವು. ಬಾವಿಯನ್ನು ಗಾಡಿಗೆ ಹಾಕಲು ಆಗದ ಕಾರಣ ಮಣ್ಣು ತುಂಬಿಸಿ ಮುಚ್ಚಿಸಿದ. ಜಾಮೀನು ನಿಲ್ಲಲು ಯಾರೂ ಬರಲಿಲ್ಲವಾಗಿ ಗುನ್ನಿಲ್ಡ್ ನೆಲಮಾಳಿಗೆ ಸೇರಿದಳು. ಹೋಗುವಾಗ ಕಪ್ಪಗಿದ್ದ ಕೂದಲು ಬರುವಾಗ ಬೆಳ್ಳಗಾಗಿತ್ತು. ಹೇಮೊನ ಹೆಸರನ್ನು ಅವಳು ಎಲ್ಲಿಯೂ ಎತ್ತಲಿಲ್ಲ. ಎತ್ತಿದ್ದರೂ ಅವನು ಏನೂ ಕಂಡಿರಲಿಲ್ಲವಲ್ಲ.

ಅಂದಿನಿಂದ ಅವಳು ನೀರಿಗೆ ಹೋಗಬೇಕಾದ್ದು ಊರಿನ ಗಡಿಯ ಹೊಳೆಗೆ. ಹೊಳೆಯ ಆಚೆ ವೆನ್‌ಹೋಮ್ ಎಂಬ ಊರು.

ಚಳಿಗಾಲ ತರುವ ಸಂತ ಮಾರ್ಟಿನರ ಹಬ್ಬ ಕಳೆದು, ಹಂದಿ ಕಡಿದು ಉಪ್ಪು ಹಾಕಿಟ್ಟ ಮೇಲಿನ ಒಂದು ಭಾನುವಾರ. ಮಂಜು ಕಂಬಳಿ ಹೊದಿಸಿದಂತೆ ಬಿದ್ದಿತ್ತು. ಗಂಟೆ ಹೊಡೆದು, ಜನ ಇಗರ್ಜಿಯ ಬಾಗಿಲಲ್ಲಿ ಸೇರುತ್ತಿದ್ದಾಗ ಕುರುಬ ಓಸ್ಬರ್ಟ್ ಹೇಮೊನ ಪಕ್ಕಕ್ಕೆ ಬಂದು ನಿಂತ.

"ಹೇಮಣ್ಣ, ಏರಿ ಕೆಳಗಿನ ಕಾಲುವೇಲಿ ಏನೂ ಇಲ್ಲ ಕಣಣ್ಣ."

"ಏನಿಲ್ಲ?"

"ಒಂದು ಜೊತೆ ಜೋಡು ಇಲ್ಲ. ಒಳ್ಳೆ ಚರ್ಮದ ಜೋಡು. ಅದರೊಳಗೆ ಕಾಲೂ ಇಲ್ಲ."

ಹೇಮೊ ಗಡ್ಡ ಕೆರೆದುಕೊಂಡ. "ಎಷ್ಟು ದೂರದಲ್ಲಿ ಇಲ್ಲ?"

"ನಿಮ್ಮ ಹಿತ್ತಲಿಂದ ಕಲ್ಲು ಬೀಸಿದ್ರೆ ಹೋಗಿ ಬೀಳ್ತದೆ."

ಹೇಮೊನ ಮುಖ ಹುಳಿ ಮಜ್ಜಿಗೆಯ ಬಣ್ಣಕ್ಕೆ ತಿರುಗಿತು. ಹತ್ತಿರದ ನಾಲ್ಕು ಮನೆಗಳಲ್ಲಿ ಮೊದಲನೆಯದು ಅವನದೇ.

"ಥೂ ನಿನ್ನ, ಕುರಿ ಮೇಯಿಸೋಕೆ ನಿಂಗೆ ಬೇರೆ ದಾರಿ ಸಿಗಲಿಲ್ವೇನೋ?"

"ನಾನೇನ್ ಮಾಡ್ಲಣ್ಣ? ಕುರಿಗಳು ನೋಡಿ ನಿಂತ್ವು. ಅವಕ್ಕೆ ಕಾನೂನು ಗೊತ್ತಿಲ್ಲ."

ಗಾಡಿಯಾಳು ಡ್ರೂ ಕೂಡ ಬಂದು ತಲೆ ತೂರಿಸಿದ. ಮೂವರೂ ಪಿಸುಗುಟ್ಟುತ್ತಿದ್ದಾಗ ಪಾದ್ರಿ ಆಸ್ಟಿನ್ ನಿಲುವಂಗಿ ಸರಿಮಾಡಿಕೊಳ್ಳುತ್ತ ಅಲ್ಲೇ ಹಾದುಹೋದರು. ಒಂದು ಕ್ಷಣ ನಿಂತು ಹೇಳಿದರು: "ನಾನೇನೂ ಕೇಳಿಸ್ಕೊಳ್ಳಲಿಲ್ಲ ಮಕ್ಕಳೇ. ಹೊಳೆ ಆಚೆಯೋರೂ ಈಗ ಪ್ರಾರ್ಥನೇಲೇ ಇರ್ತಾರೆ. ಇವತ್ತು ಸ್ತೋತ್ರ ಒಂಚೂರು ಉದ್ದ ಹಾಡೋಣ, ಆಗಬಹುದಾ?"

ಅಂದು ನಮ್ಮ ಇಗರ್ಜಿಯಲ್ಲಿ ಸ್ತೋತ್ರಗಳನ್ನು ಹಾಡಿದಂತೆ ಹಿಂದೆಂದೂ ಹಾಡಿರಲಿಲ್ಲ. ಭಕ್ತಿ ಎಂದರೆ ಏನೆಂದು ಅರಿಯದ ಗಂಟಲುಗಳೂ ಸೂರು ಹಾರುವಂತೆ ಕಿರುಚಿದವು. ದೇವರಿಗೆ ಕೇಳಿಸಬೇಕೆಂದು ಯಾರೂ ಹಾಡಲಿಲ್ಲ. ಹೊರಗಿನದು ತಮಗೆ ಕೇಳಿಸಬಾರದೆಂದು ಹಾಡಿದರು. ದೇವರು ತಾಳ್ಮೆಯುಳ್ಳವನು, ಅದನ್ನೂ ಕೇಳಿಸಿಕೊಂಡಿರಬೇಕು.

ಅತ್ತ ಓಸ್ಬರ್ಟ್ ಮತ್ತು ಡ್ರೂ ಕುರಿದೊಡ್ಡಿಯ ತಡಿಕೆಯೊಂದನ್ನು ಹೊತ್ತುಕೊಂಡು ಕಾಲುವೆಗೆ ಹೋದರು. ಮುಖ ನೋಡಿದರೆ ನಾಳೆ ಪ್ರಮಾಣ ಮಾಡಿಸಿ ಕೇಳುತ್ತಾರೆ. ನೋಡದಿದ್ದರೆ ಸುಳ್ಳು ಹೇಳಿದ ಪಾಪವೂ ಇಲ್ಲ. ಆದ್ದರಿಂದ ಹಿಂದುಹಿಂದಕ್ಕೆ ನಡೆದು, ಕೈಯಿಂದ ತಡವಿ, ಕೆಸರು ಮೆತ್ತಿದ ತಲೆಗೆ ಗೋಧಿಯ ಚೀಲವೊಂದನ್ನು ಹಾಕಿದರು. ಎಳೆದು ತಡಿಕೆಯ ಮೇಲೆ ಹಾಕಿಕೊಂಡರು.

ಅರ್ಧ ದಾರಿಯಲ್ಲಿ ಡ್ರೂ ನಿಂತುಬಿಟ್ಟ.

"ಓಸ್ಬರ್ಟಾ, ಹೆಣ ನರಳ್ತಲ್ಲೋ!"

"ಹೊಟ್ಟೇಲಿ ಗಾಳಿ ಇರ್ತದೆ ಕಣ್ಲಾ. ಉಬ್ಬರಿಸಿ ಸತ್ತ ಕುರೀನೂ ಹಂಗೇ ಮಾಡ್ತದೆ. ಎಳಿ."

"ಅಮ್ಮಾ ಅಂತಲ್ಲೋ!"

"ಕುರೀನೂ ಅಂತದೆ. ಎಳಿ ಮಾರಾಯ, ಸ್ತೋತ್ರ ಮುಗಿದ್ರೆ ಕಷ್ಟ."

ಹೊಳೆ ದಾಟಿಸಿ ವೆನ್‌ಹೋಮಿನ ದಂಡೆಯ ಪೊದೆಗಳ ಕೆಳಗೆ ತಡಿಕೆ ಸಮೇತ ಇಳಿಸಿದರು. ಕೊನೆಯ ಆಶೀರ್ವಾದಕ್ಕೆ ಸರಿಯಾಗಿ ಇಗರ್ಜಿಗೆ ಬಂದು ಶಿಲುಬೆಯ ಗುರುತು ಹಾಕಿಕೊಂಡರು.

ವೆನ್‌ಹೋಮಿನವರು ನಮಗಿಂತ ದಡ್ಡರೆಂದು ನಾವು ನಂಬಿದ್ದೆವು. ಅದು ತಪ್ಪು. ಮಧ್ಯಾಹ್ನ ಬಟಾಣಿ ಗಂಜಿಗೆ ಕೂರುವ ಮುಂಚೆಯೇ ಅವರ ಇಬ್ಬರು ಅದೇ ತಡಿಕೆಯನ್ನು ಹೊತ್ತುಕೊಂಡು ವಾಪಸು ಹೊಳೆಗೆ ಇಳಿದರು. ಕಾವಲಿಗೆ ನಿಲ್ಲಿಸಿದ್ದ ಓಸ್ಬರ್ಟ್, ಡ್ರೂ ಎದುರಾದರು.

"ಏನ್ರಯ್ಯಾ, ಹೊಳೆ ಕಡೆ ಸವಾರಿ?" ಎಂದ ಓಸ್ಬರ್ಟ್.

"ಹಾವುಮೀನು ಹಿಡಿಯಾನ ಅಂತ."

"ಭಾನುವಾರ ಮೀನು ಹಿಡಿದ್ರೆ ಪಾಪ ಅಲ್ವಾ? ಅದೇನು ತಡಿಕೆ ಮೇಲೆ?"

"ಯಾವ ತಡಿಕೆ?"

ನಾಲ್ವರೂ ತಡಿಕೆಯ ನಾಲ್ಕು ಮೂಲೆಗಳಲ್ಲಿ ನಿಂತು ಆಕಾಶ ನೋಡಿದರು. ಹೊಳೆಯ ನಡುವೆ ಒಂದು ಮರಳದಿಬ್ಬವಿದೆ. ಅದು ನಮ್ಮದು ಎಂದು ಅವರೂ, ಅವರದು ಎಂದು ನಾವೂ ಒಪ್ಪದ ಕಾರಣ ಯಾರದೂ ಅಲ್ಲ. ಮಾತೇ ಆಡದೆ ನಾಲ್ವರೂ ಅದರ ಮೇಲೆ ಹೊರೆ ಇಳಿಸಿದರು. ಅಷ್ಟು ವರ್ಷಗಳಲ್ಲಿ ಎರಡೂ ಊರಿನವರು ಕೂಡಿ ಮಾಡಿದ ಮೊದಲ ಕೆಲಸ ಅದು. ಮಳೆ ಬಂದರೆ ಹೊಳೆ ಏರುತ್ತದೆ, ಏರಿದರೆ ಸಮುದ್ರಕ್ಕೆ ಒಯ್ಯುತ್ತದೆ, ಸಮುದ್ರದಲ್ಲಿ ಹತ್ತಿರದ ನಾಲ್ಕು ಮನೆಗಳಿಲ್ಲ.

ಸಂಜೆಗೆ ಮುಂಚೆ ಗುನ್ನಿಲ್ಡ್ ಬಿಂದಿಗೆ ಹಿಡಿದು ಬಂದಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಹನಿ ಆಗಲೇ ಉದುರುತ್ತಿತ್ತು. ದಿಬ್ಬದ ಮೇಲೆ ಕಂಡದ್ದನ್ನು ಅವಳು ಕಂಡಳು. ಮೊಣಕಾಲ ನೀರಿನಲ್ಲಿ ನಡೆದುಹೋಗಿ ಚೀಲ ತೆಗೆದಳು.

ಸರ್ ವಾರಿನ್.

ಗುಮಾಸ್ತನನ್ನೂ ಆಳನ್ನೂ ಮುಂದಿನ ಊರಿಗೆ ಅಡಿಗೆ ಮಾಡಿಸಲು ಕಳಿಸಿ, ತಾನು ರಾತ್ರಿ ತಂಗಿದ್ದ ಸನ್ಯಾಸಿಗಳ ಮಠದಲ್ಲಿ ನಿಧಾನವಾಗಿ ಎದ್ದು ಮಂಜಿನಲ್ಲಿ ಒಬ್ಬನೇ ಬಂದಿದ್ದ. ಕುದುರೆ ಬೆದರಿ ಏರಿಯ ಮೇಲಿಂದ ಕೆಡವಿತ್ತು. ತೊಡೆಯ ಮೂಳೆ ಮುರಿದಿತ್ತು. ತುಟಿ ನೀಲಿಗಟ್ಟಿತ್ತು. ಕಣ್ಣುಗಳು ಮಾತ್ರ ಆಡುತ್ತಿದ್ದವು. ಮುಂದೆ ನಡೆದ ಮಾತನ್ನು ಗುನ್ನಿಲ್ಡ್ ಎಷ್ಟೋ ಕಾಲದ ಮೇಲೆ, ಉಣ್ಣೆ ನೂಲುತ್ತ ಕೂತು ನನಗೆ ಹೇಳಿದಳು.

"ಯಾರು ನೀನು?" ಎಂದನಂತೆ.

"ಗುನ್ನಿಲ್ಡ್, ಬುದ್ಧಿ. ಥರ್ಕಲ್ಬಿ ಬಾವಿ ಗುನ್ನಿಲ್ಡ್."

ಅವನಿಗೆ ನೆನಪಾಗಲಿಲ್ಲ. ಅವನು ಮುಚ್ಚಿಸಿದ ಬಾವಿ ಅದೊಂದೇ ಏನಲ್ಲ.

"ಎತ್ತು ನನ್ನ."

"ನೀವು ನೋಡೋಕೆ ಮುಂಚೆ ಮುಟ್ಟಬಾರದಲ್ವಾ ಬುದ್ಧಿ?"

"ಹುಚ್ಚಿ! ನಾನು ಸತ್ತಿಲ್ಲ."

"ಸತ್ತಿದ್ದೀರಿ ಅಂತ ಎರಡೂರಿನೋರು ಒಪ್ಪಿಬಿಟ್ಟವ್ರೆ. ಮುಖಕ್ಕೆ ಚೀಲಾನೂ ಕಟ್ಟವ್ರೆ. ನಾನೊಬ್ಬಳು ಇಲ್ಲ ಅಂದ್ರೆ ನಡೀತದಾ?"

ಅವನ ಕಣ್ಣಿನಲ್ಲಿ ನೀರು ಬಂತಂತೆ. ಗುನ್ನಿಲ್ಡ್‌ಗೆ ಅದನ್ನು ನೋಡಿ ಮರುಕವೂ ಹುಟ್ಟಲಿಲ್ಲ, ಸಂತೋಷವೂ ಆಗಲಿಲ್ಲ. ಕೂಗಿದರೆ ತಾನು ಮತ್ತೆ ಮೊದಲು ಕಂಡವಳು. ಇವನು ತನ್ನ ಕೈಯಲ್ಲೇ ಪ್ರಾಣ ಬಿಟ್ಟರೆ ಈ ಸಲ ನೆಲಮಾಳಿಗೆಯಲ್ಲ, ನೇಣು. ಮಗಳ ಹಗೆ ಇವಳಿಗಲ್ಲದೆ ಇನ್ಯಾರಿಗೆ ಎನ್ನುತ್ತಾರೆ. ಕೂಗದಿದ್ದರೆ? ಬಿಂದಿಗೆ ಎತ್ತಿಕೊಂಡು ಮನೆಗೆ ಹೋದರೆ ಆಯಿತು. ಹೊಳೆ ಏರುತ್ತಿತ್ತು.

ಬಗ್ಗಿ ಬಿಂದಿಗೆ ಎತ್ತಿಕೊಂಡಳು. ಇನ್ನೂ ನೀರು ತುಂಬಿರಲಿಲ್ಲ. ಖಾಲಿ ಬಿಂದಿಗೆಯ ಹಗುರ ಕೈಗೆ ಬಂತು. ಹೇಮೊನ ಕೈಗೂ ಹೀಗೇ ಹಗುರವಾಗಿ ಇದ್ದಿರಬೇಕು.

"ಅವನ್ನ ಉಳಿಸಬೇಕು ಅಂತ ಅಲ್ಲ ತಾಯಿ," ಎಂದಳು ನನ್ನ ಬಳಿ. "ಆ ಬಿಂದಿಗೆ ಹಿಡ್ಕೊಂಡು ಮನೆಗೆ ಹೋಗೋಕೆ ಕಾಲು ಬರಲಿಲ್ಲ."

ಬಿಂದಿಗೆ ಬಿಸುಟು, ಅವನ ಕಂಕುಳಿಗೆ ಕೈ ಹಾಕಿ, ಕಿರುಚುತ್ತಿದ್ದವನನ್ನು ನಮ್ಮ ದಡಕ್ಕೆ ಎಳೆದು ಹಾಕಿದಳು. ತನ್ನ ಹೊದಿಕೆ ಹೊದಿಸಿದಳು. ನಿಂತು ಕೂಗಿದಳು.

ಆ ಕೂಗು ನಮ್ಮೂರಿನ ಕೊನೆಯ ಮನೆಗೂ ಮುಟ್ಟಿತು. ವೆನ್‌ಹೋಮಿಗೂ ಮುಟ್ಟಿತು. ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. "ಬಾವಿ ಗುನ್ನಿಲ್ಡ್‌ಗೆ ಮತ್ತೆ ಹುಚ್ಚು ಬಂತು," ಎಂದು ಹೇಮೊ ಅಗಳಿ ಹಾಕಿಕೊಂಡ. ಅವಳು ಗಂಟಲು ಹರಿಯುವ ತನಕ ಕೂಗಿದಳು. ಕೊನೆಗೆ ಓಡಿಬಂದವನು ಯಜಮಾನನನ್ನು ಹುಡುಕುತ್ತ ಏರಿಯ ಮೇಲೆ ಹೋಗುತ್ತಿದ್ದ ಗುಮಾಸ್ತ. ಪರಸ್ಥಳದವನು, ನಮ್ಮ ವಿದ್ಯೆ ಕಲಿತಿರಲಿಲ್ಲ.

ಸರ್ ವಾರಿನ್ ಬದುಕಿದ. ಮಠದ ಸನ್ಯಾಸಿಗಳು ಮೂಳೆ ಕೂಡಿಸಿದರು. ಕಾಲು ಒಂದು ಚೂರು ಗಿಡ್ಡವಾಯಿತು, ಬೇರೇನೂ ಕಡಿಮೆಯಾಗಲಿಲ್ಲ. ಅವನು ಈಗ ಗುನ್ನಿಲ್ಡ್‌ಗೆ ಏನು ಕೊಡುತ್ತಾನೆ ಎಂದು ಊರು ಚಳಿಗಾಲವಿಡೀ ಹೊಟ್ಟೆ ಉರಿದುಕೊಂಡಿತು. "ಹಸು ಕೊಡ್ತಾನೆ ನೋಡ್ತಿರು," ಎಂದ ಓಸ್ಬರ್ಟ್. "ಹಸು ಯಾಕೆ, ಹೊಲಾನೇ ಕೊಡ್ತಾನೆ," ಎಂದ ಡ್ರೂ. ಅಷ್ಟರಲ್ಲಿ ಊರಿಗೇ ಭಯ ಹುಟ್ಟಿತು. ಕೂಗು ಕೇಳಿಯೂ ಬಾರದವರು ಕಾನೂನಿಗೆ ತಪ್ಪಿತಸ್ಥರು, ಮೈಯನ್ನು ಎಳೆದಾಡಿದವರು ಇನ್ನೂ ದೊಡ್ಡ ತಪ್ಪಿತಸ್ಥರು.

ವಸಂತದಲ್ಲಿ ಸೀಮೆಯ ನ್ಯಾಯ ನಮ್ಮ ಇಗರ್ಜಿಯ ಅಂಗಳದಲ್ಲೇ ಕೂಡಿತು. ಅರಸನ ನ್ಯಾಯಾಧಿಕಾರಿ ನಡುವೆ, ಪಕ್ಕದಲ್ಲಿ ದಿಂಬಿನ ಮೇಲೆ ಕಾಲಿಟ್ಟುಕೊಂಡು ಸರ್ ವಾರಿನ್. ಎದುರಿಗೆ ಎರಡೂ ಊರಿನಿಂದ ಆರಿಸಿದ ಹನ್ನೆರಡು ಜನ ಪ್ರಮಾಣಸ್ಥರು. ಅವರಿಗೆಲ್ಲ ಹೇಮೊನೇ ಬಾಯಿ.

ನ್ಯಾಯಾಧಿಕಾರಿಗೆ ಮನೆಗೆ ಹೋಗುವ ಅವಸರವಿತ್ತು. ಕೇಳಿದ್ದು ಒಂದೇ ಪ್ರಶ್ನೆ: "ಹೊಳೆಯ ಬಳಿ ಈ ಹೆಂಗಸು ಹಾಕಿದ ಕೂಗು ನಿಜದ ಕೂಗೋ, ಸುಳ್ಳು ಕೂಗೋ? ನಿಜದ್ದಾದರೆ ಬಾರದ ಎರಡೂ ಊರುಗಳಿಗೆ ದಂಡ. ಸುಳ್ಳಾದರೆ ಕೂಗಿದವಳಿಗೆ ಶಿಕ್ಷೆ."

ಹನ್ನೆರಡು ಜನ ತಲೆ ಕೂಡಿಸಿದರು. ತಲೆ ಬೇರೆಯಾಗುವುದಕ್ಕೆ ಒಂದು ಕೆಮ್ಮಿನಷ್ಟು ಹೊತ್ತೂ ಹಿಡಿಯಲಿಲ್ಲ. ಹೇಮೊ ಸುವಾರ್ತೆಯ ಪುಸ್ತಕದ ಮೇಲೆ ಕೈಯಿಟ್ಟ. ನನಗೆ ಆ ಪುಸ್ತಕವನ್ನು ನೋಡಿ ಅಯ್ಯೋ ಎನಿಸಿತು.

"ಬುದ್ಧೀ, ಹೆಣ ಬಿದ್ದಿದ್ರೆ ಕೂಗಬೇಕು, ಕಳ್ಳತನ ಆದ್ರೆ ಕೂಗಬೇಕು. ಅಲ್ಲಿ ಹೆಣ ಎಲ್ಲಿತ್ತು? ದೇವರ ದಯದಿಂದ ನಮ್ಮ ಸ್ವಾಮಿಯೋರು ಇಲ್ಲೇ ಕೂತವ್ರೆ, ಕಲ್ಲುಗುಂಡಿನಂಗೆ. ಹೆಣ ಇಲ್ದಿದ್ಮೇಲೆ ಕೂಗು ಸುಳ್ಳು."

"ಹಾಗಾದರೆ ನಿಮ್ಮನ್ನು ಯಾರೂ ಎಳೆದಾಡಲಿಲ್ಲವೇ?" ಎಂದು ನ್ಯಾಯಾಧಿಕಾರಿ ಸರ್ ವಾರಿನ್ ಕಡೆ ತಿರುಗಿದ.

ಅವನಿಗೆ ಎಲ್ಲ ನೆನಪಿತ್ತು. ಮುಖದ ಮೇಲಿನ ಚೀಲದ ವಾಸನೆ ನೆನಪಿತ್ತು, ಸತ್ತ ಕುರಿಯ ಮಾತು ನೆನಪಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಹೇಳಿದರೆ ಅದು ಅರಸನ ದಫ್ತರ ಸೇರುತ್ತದೆ. ಸೀಮೆಯ ಹೆಣಗಳಿಗೆಲ್ಲ ದೊರೆಯಾದವನನ್ನು ಎರಡು ಹಳ್ಳಿಯವರು ಕುರಿತಡಿಕೆಯ ಮೇಲೆ ಹೊಳೆಯ ಆಚೆ ಈಚೆ ಸಾಗಿಸಿ ಆಟವಾಡಿದರು ಎಂದು ಕೋಟೆಯ ಊಟದ ಮೇಜಿನಲ್ಲಿ ನಗುತ್ತಾರೆ.

"ಕುದುರೆಯಿಂದ ಬಿದ್ದೆ. ನಮ್ಮ ಗುಮಾಸ್ತ ಎತ್ತಿದ," ಎಂದ. "ಬೇರೇನೂ ನನಗೆ ಗೊತ್ತಿಲ್ಲ."

ಗುಮಾಸ್ತ ತನ್ನ ಜೋಡಿನ ತುದಿ ನೋಡಿದ. ಅಂತೂ ಅವನೂ ಕಲಿತ.

ಗುನ್ನಿಲ್ಡ್‌ಗೆ ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. "ಕಂಡೆ, ಕೂಗಿದೆ," ಎಂದಳು. ಅಷ್ಟೇ.

ಮುಂದಿನ ಭಾನುವಾರ ಬೆಳಗಿನಿಂದ ಸಂಜೆಯ ತನಕ ಕೋಳದ ಹಲಗೆಯಲ್ಲಿ ಕೂರಬೇಕೆಂದು ತೀರ್ಪಾಯಿತು. ಇಗರ್ಜಿಯ ಬಾಗಿಲ ಪಕ್ಕದಲ್ಲೇ ಆ ಹಲಗೆ. ಕಾಲುಗಳನ್ನು ಎರಡು ತೂತಿನಲ್ಲಿ ಇರಿಸಿ ಮೇಲಿನ ಹಲಗೆ ಜಡಿದರೆ ಆಯಿತು. ಪ್ರಾರ್ಥನೆಗೆ ಹೋಗುವವರೆಲ್ಲ ಅವಳನ್ನು ದಾಟಿಯೇ ಹೋಗಬೇಕು. ಎಲ್ಲರೂ ಹೋದರು. ಹಲಗೆ ಕಂಡಿತು, ಬೀಗ ಕಂಡಿತು, ಗುನ್ನಿಲ್ಡ್ ಯಾರಿಗೂ ಕಾಣಲಿಲ್ಲ. ಹೇಮೊನ ಹೆಂಡತಿ ಒಂದು ಹೆಬ್ಬಾತನ್ನು ಕಬ್ಬಿಣದ ಸಲಾಕೆಗೆ ಏರಿಸಿ, ದೊಡ್ಡ ಉರಿಯ ಮೇಲೆ ಇಟ್ಟು ಬಂದಿದ್ದಳು. ಊರಿನ ಮಾನ ಉಳಿಸಿದ ಹನ್ನೆರಡು ಜನರಿಗೆ ಅಂದು ಅವರ ಮನೆಯಲ್ಲಿ ಊಟ.

ಪಾದ್ರಿ ಆಸ್ಟಿನ್ ಮಾತ್ರ ಅವಳ ಬಳಿ ನಿಂತರು. "ತಾಳ್ಮೆ ಮಗಳೇ. ಎಲ್ಲಾ ಅವನು ನೋಡ್ತಿರ್ತಾನೆ."

"ಅವನೊಬ್ಬನೇ ಪಾದ್ರಿಗಳೇ," ಎಂದಳು ಗುನ್ನಿಲ್ಡ್. "ಪಾಪ, ಅವನಿಗೂ ಜಾಮೀನು ಸಿಗಲ್ಲ."

ಪಾದ್ರಿಗಳು ಒಳಗೆ ಹೋದರು. ಬಾಗಿಲು ಮುಚ್ಚಿತು. ಪ್ರಾರ್ಥನೆ ಅರ್ಧವಾಗಿದ್ದಿರಬೇಕು.

"ಬೆಂಕಿ!" ಎಂದು ಹೊರಗಿನಿಂದ ಕೂಗು ಬಂತು. "ಹೇಮಣ್ಣಾ, ನಿನ್ನ ಸೂರಿಗೆ ಬೆಂಕಿ! ಬನ್ರಪ್ಪೋ!"

ಒಳಗೆ ಒಬ್ಬರ ಮುಖ ಒಬ್ಬರು ನೋಡಿದರು. ನನ್ನ ಪಕ್ಕದಲ್ಲಿದ್ದವಳು ಎದ್ದಳು, ಗಂಡ ಸೆರಗು ಹಿಡಿದು ಕೂರಿಸಿದ. ನಾನು ಬಾಗಿಲ ತನಕ ಹೋದೆ. ಅಲ್ಲಿ ಡ್ರೂ ಅಡ್ಡ ನಿಂತಿದ್ದ. "ಎಲ್ಲಿಗವ್ವಾ? ಸುಳ್ಳು ಕೂಗು ಅಂತ ಮೊನ್ನೆ ತಾನೆ ಪ್ರಮಾಣ ಆಗಿದೆ," ಎಂದ. ಹೇಮೊ ಮುಂದಿನ ಸಾಲಿನಿಂದ ತಿರುಗಿ ನೋಡಿ ನಕ್ಕ.

"ಬುದ್ಧಿ ಬರಲಿಲ್ಲ ನೋಡಿ ಅವಳಿಗೆ. ಪಾದ್ರಿಗಳೇ, ಸ್ತೋತ್ರ ಒಂಚೂರು ಜೋರಾಗಿ ಆಗಲಿ."

ಜೋರಾಗಿ ಆಯಿತು. ಕೂಗು ಅದರ ಅಡಿಯಲ್ಲಿ ಸಿಕ್ಕಿ ಸ್ವಲ್ಪ ಹೊತ್ತು ಆಡಿತು, ಆಮೇಲೆ ಕೇಳಿಸಲಿಲ್ಲ. ಹೊಗೆಗೆ ಮಾತ್ರ ಪ್ರಮಾಣ ಗೊತ್ತಿರಲಿಲ್ಲ. ಅದು ಬಾಗಿಲ ಸಂದಿಯಿಂದ ನುಸುಳಿ ನೇರವಾಗಿ ಹೇಮೊನ ಮೂಗಿಗೆ ಬಂತು.

ಬಾಗಿಲು ತೆರೆದಾಗ ಹುಲ್ಲಿನ ಸೂರು ಪೂರ್ತಿ ಹತ್ತಿಕೊಂಡಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ, ಅದೊಂದು ಪುಣ್ಯ. ಜನ ಕಿರುಚುತ್ತ ಓಡಿದರು. ಹೇಮೊ ಎಲ್ಲರಿಗಿಂತ ಮುಂದೆ ಓಡಿ, ಅಂಗಳದಲ್ಲಿದ್ದ ಬಿಂದಿಗೆಯನ್ನು ಕಸಿದುಕೊಂಡು, ಹಳೆಯ ಅಭ್ಯಾಸದ ಕಾಲುಗಳು ಒಯ್ದ ಕಡೆಗೆ ಓಡಿ ನಿಂತ. ಬಾವಿಯಿದ್ದ ಜಾಗದಲ್ಲಿ ಮಣ್ಣಿನ ಗುಪ್ಪೆ, ಅದರ ಮೇಲೆ ಹಸಿರು ಹುಲ್ಲು. ಹೊಳೆ ಊರಾಚೆ.

ಅಲ್ಲಿಂದ ಇಗರ್ಜಿಯ ಬಾಗಿಲು ಕಾಣುತ್ತದೆ. ಅವನು ತಿರುಗಿದ. ಕೋಳದಲ್ಲಿ ಕೂತಿದ್ದ ಗುನ್ನಿಲ್ಡ್‌ನ ಕಡೆ ಕೂಗಿದ:

"ಏ ಹಾಳಾದೋಳೇ! ಇನ್ನೊಂಚೂರು ಜೋರಾಗಿ ಕೂಗಕ್ಕೆ ನಿಂಗೇನಾಗಿತ್ತೇ?"

ಗುನ್ನಿಲ್ಡ್‌ಗೆ ದನಿ ಉಳಿದಿರಲಿಲ್ಲ. ಅವಳು ಅವನ ಮುಖವನ್ನು ನೋಡಲಿಲ್ಲ. ಅವನ ಕೈಯಲ್ಲಿದ್ದ ಖಾಲಿ ಬಿಂದಿಗೆಯನ್ನು ನೋಡುತ್ತ ಕೂತಳು.